ಬಸುರಿಯ ಊಟದ ಹೊತ್ತು

(ದತ್ತಿ ಉಪನ್ಯಾಸದ ಪಠ್ಯ)



ತಾಯಿ ಮತ್ತು ಮಗುವಿನ ಆರೋಗ್ಯದ ಯಾವುದಾದರೊಂದು ವಿಷಯವನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಬೇಕು ಎಂಬುದು ಈ ದತ್ತಿಯ ಆಶಯ. ನಾನು ಆರಿಸಿಕೊಂಡಿರುವುದು ಬಸುರಿಯ ಊಟದ ಹೊತ್ತು. ಅದಕ್ಕೂ ತಾಯಿಯ ಮಿದುಳಿಗೂ, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೂ ಇರುವ ಸಂಬಂಧ ಇಂದಿನ ವಿಷಯ. ಬಸುರಿ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಹೇಳುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಪಪ್ಪಾಯಿ ಮುಟ್ಟಬೇಡ, ಕೇಸರಿ ಹಾಕಿದ ಹಾಲು ಕುಡಿ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಆಕೆ ಎಷ್ಟು ಹೊತ್ತಿಗೆ ಉಂಡಳು, ಹಿಂದಿನ ಊಟವಾಗಿ ಎಷ್ಟು ಗಂಟೆಯಾಯಿತು ಎಂದು ವಿಚಾರಿಸುವವರು ಕಡಿಮೆ.

ನಾನು ಹೇಳಬೇಕೆಂದಿರುವುದು ಎರಡು ಮಾತು. ಒಂದು, ಇಂಥದೇ ಗಂಟೆಗೆ ಉಣ್ಣಬೇಕು ಎಂಬುದಕ್ಕಿಂತ ಎರಡು ಊಟಗಳ ನಡುವೆ ಬಹಳ ಹೊತ್ತು ಖಾಲಿ ಬಿಡಬಾರದು, ಊಟದ ಕ್ರಮ ದಿನದಿನವೂ ಏರುಪೇರಾಗಬಾರದು ಎಂಬುದು ಮುಖ್ಯ. ಎರಡು, ಈ ಅಂತರವನ್ನು ನಮ್ಮಲ್ಲಿ ಬಸುರಿ ತಾನಾಗಿ ನಿರ್ಧರಿಸುವುದು ಅಪರೂಪ. ಮನೆಯಲ್ಲಿ ಬಡಿಸುವ ಸರದಿ, ಕಾರ್ಖಾನೆಯ ಗಂಟೆ, ವ್ರತ, ವಾಹನದ ವೇಳೆ ಇವೇ ಅದನ್ನು ಗೊತ್ತುಮಾಡುತ್ತವೆ. ಹೊತ್ತಿಗೆ ಸರಿಯಾಗಿ ಉಣ್ಣಮ್ಮಾ ಎಂದು ಆಕೆಗೊಬ್ಬಳಿಗೇ ಬುದ್ಧಿ ಹೇಳಿದರೆ ಕೆಲಸ ಆಗುವುದಿಲ್ಲ.

ಹನ್ನೆರಡು ಗಂಟೆ ದಾಟಿದ ಮೇಲೆ

ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಮುಖ್ಯ ಆಹಾರ ಗ್ಲೂಕೋಸ್. ಅದು ತಾಯಿಯ ರಕ್ತದಿಂದ ಮಾಸಿನ ಮೂಲಕ ಹಗಲು ರಾತ್ರಿ ಹರಿದು ಬರುತ್ತಿರಬೇಕು. ಕೊನೆಯ ಮೂರು ತಿಂಗಳಲ್ಲಂತೂ ಮಿದುಳಿನ ಬೆಳವಣಿಗೆ ಬಲು ಜೋರು. ನುಣುಪಾಗಿದ್ದ ಅದರ ಮೇಲ್ಮೈಯಲ್ಲಿ ಮಡಿಕೆಗಳು ದಟ್ಟವಾಗಿ ಮೂಡುವುದು ಆಗಲೇ. ಹುಟ್ಟುವ ಹೊತ್ತಿಗೆ ಅದರ ತೂಕ ಸುಮಾರು 350 ಗ್ರಾಂ ಆಗಿರುತ್ತದೆ.

ಮಗುವಿನ ಪಾಲನ್ನು ಕಾಯ್ದಿಡಲು ಮಾಸು ಕೆಲವು ಹಾರ್ಮೋನುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ತಾಯಿಯ ಮೈಯಲ್ಲಿ ಇನ್ಸುಲಿನ್‌ನ ಪ್ರಭಾವವನ್ನು ತಗ್ಗಿಸುವುದರಿಂದ ಉಂಡ ಮೇಲೆ ಸಕ್ಕರೆ ರಕ್ತದಲ್ಲಿ ಹೆಚ್ಚು ಹೊತ್ತು ನಿಂತು ಮಗುವಿಗೆ ಸಿಗುತ್ತದೆ. ಉಣ್ಣದೆ ಇದ್ದಾಗ ಆಗುವುದು ಇದರ ತಿರುವುಮುರುವು. ಮಗು ತನ್ನ ಪಾಲನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ತಾಯಿಯ ಸಕ್ಕರೆ ಬೇಗ ಇಳಿಯುತ್ತದೆ, ಆಕೆಯ ಮೈ ಕೊಬ್ಬನ್ನು ಕರಗಿಸಿ ಕೀಟೋನ್ ತಯಾರಿಸತೊಡಗುತ್ತದೆ. ಬೇರೆಯವರಲ್ಲಿ ದೀರ್ಘ ಉಪವಾಸದ ನಂತರ ಕಾಣುವ ಸ್ಥಿತಿ ಬಸುರಿಯಲ್ಲಿ ಬಹಳ ಬೇಗ ಬಂದುಬಿಡುತ್ತದೆ.

ಇದನ್ನು ಅಳೆದು ತೋರಿಸಿದವರಲ್ಲಿ ಅಮೆರಿಕದ ನಾರ್ಥ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನಾರ್ಬರ್ಟ್ ಫ್ರೈಂಕೆಲ್ ಮತ್ತು ಬಾಯ್ಡ್ ಮೆಟ್ಜ್ಗರ್ ಮುಖ್ಯರು. 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ಲೇಖನದ ವಿಷಯ ತೀರಾ ಸಾಧಾರಣವಾದದ್ದು: ಕೊನೆಯ ತಿಂಗಳುಗಳ ಬಸುರಿ ಬೆಳಗಿನ ತಿಂಡಿ ಬಿಟ್ಟರೆ ಏನಾಗುತ್ತದೆ? ರಾತ್ರಿ ಊಟದಿಂದ 18 ಗಂಟೆಯವರೆಗೆ ಬಸುರಿಯರ ಮತ್ತು ಬಸುರಿಯರಲ್ಲದವರ ರಕ್ತವನ್ನು ಪರೀಕ್ಷಿಸಿದರು. 12 ಗಂಟೆಯಾದ ಮೇಲಿನ ಆ ಆರು ಗಂಟೆಗಳಲ್ಲಿ ಬಸುರಿಯರ ಸಕ್ಕರೆ ಇಳಿಯುತ್ತ, ಕೀಟೋನ್ ಏರುತ್ತ ಹೋಯಿತು. ಬಸುರಿಯರಲ್ಲದವರಲ್ಲಿ ಇಂಥ ಬದಲಾವಣೆ ಕಾಣಲಿಲ್ಲ. ಬೆಳಗಿನ ತಿಂಡಿ ತಪ್ಪಿಸಬೇಡಿ ಎಂಬ ಹಳೆಯ ಬುದ್ಧಿಮಾತಿಗೆ ಹೀಗೆ ರಕ್ತಪರೀಕ್ಷೆಯ ಆಧಾರ ಸಿಕ್ಕಿತು.

ಇದೇ ತಂಡಕ್ಕೆ ಸೇರಿದವರು 1991ರಲ್ಲಿ ಇನ್ನೊಂದು ಸಂಗತಿ ವರದಿ ಮಾಡಿದರು. ಕೊನೆಯ ಮೂರು ತಿಂಗಳಲ್ಲಿ ಕೀಟೋನ್ ಹೆಚ್ಚಿದ್ದ ತಾಯಂದಿರ ಮಕ್ಕಳು ಎರಡರಿಂದ ಐದು ವರ್ಷದ ವಯಸ್ಸಿನಲ್ಲಿ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಸ್ವಲ್ಪ ಕಡಿಮೆ ಅಂಕ ಪಡೆದಿದ್ದರು. ಆ ತಾಯಂದಿರಲ್ಲಿ ಬಹುಪಾಲು ಮಧುಮೇಹ ಇದ್ದವರು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ. ಕೀಟೋನ್ ಎಂದರೆ ವಿಷವೂ ಅಲ್ಲ, ಭ್ರೂಣದ ಮಿದುಳು ಅದನ್ನು ಇಂಧನವಾಗಿ ಬಳಸಬಲ್ಲದು. ದಿನಾಲೂ ಬೆಳಗಿನ ಹೊತ್ತು ಅದರ ಮೇಲೆಯೇ ನಡೆಯಬೇಕಾಗಿ ಬಂದರೆ ಏನು ಗತಿ ಎಂಬುದು ಪ್ರಶ್ನೆ.

2001ರ ಒಂದು ಅಧ್ಯಯನ ಇನ್ನೊಂದು ದಾರಿಯನ್ನು ತೋರಿಸಿತು. 13 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಏನೂ ತಿನ್ನದೆ ಇರುತ್ತಿದ್ದ ಬಸುರಿಯರ ರಕ್ತದಲ್ಲಿ ಸಿಆರ್‌ಎಚ್ ಎಂಬ ಹಾರ್ಮೋನಿನ ಮಟ್ಟ ಹೆಚ್ಚಿತ್ತು. ಮೈ ಒತ್ತಡಕ್ಕೆ ಸಿಕ್ಕಾಗ ಏರುವ ಈ ಹಾರ್ಮೋನನ್ನು ಬಸುರಿನಲ್ಲಿ ಮಾಸು ಕೂಡ ಸುರಿಸುತ್ತದೆ. ಅವಧಿಗೆ ಮೊದಲೇ ಹೆರಿಗೆಯಾಗುವುದಕ್ಕೂ ಇದಕ್ಕೂ ನಂಟಿದೆ. ಮಗುವಿನ ಮಿದುಳಿನ ಮಟ್ಟಿಗೆ ಅವಧಿಪೂರ್ವ ಹೆರಿಗೆಗಿಂತ ದೊಡ್ಡ ಅಪಾಯಗಳು ಕಡಿಮೆ.

ಒಳಗಿರುವ ಮಗುವಿಗೆ ಹೊತ್ತು ತಿಳಿಯುವ ಬಗೆ

ನಮ್ಮ ಮಿದುಳಿನ ತಳದಲ್ಲಿ, ಹೈಪೊಥಲಾಮಸ್‌ನೊಳಗೆ, ಸುಮಾರು 20 ಸಾವಿರ ನರಕೋಶಗಳ ಒಂದು ಪುಟ್ಟ ಗುಂಪಿದೆ. ಸುಪ್ರಾಕಯಾಸ್ಮಾಟಿಕ್ ನ್ಯೂಕ್ಲಿಯಸ್ ಎಂದು ಅದರ ಹೆಸರು. ಕಣ್ಣಿಗೆ ಬಿದ್ದ ಬೆಳಕನ್ನು ಆಧರಿಸಿ ಹಗಲು ಯಾವುದು, ರಾತ್ರಿ ಯಾವುದು ಎಂದು ಮೈಗೆಲ್ಲ ಸಾರುವುದು ಇದೇ. ಜೀವಕೋಶದೊಳಗಿನ ಗಡಿಯಾರ ಹೇಗೆ ನಡೆಯುತ್ತದೆ ಎಂದು ಹಣ್ಣುನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ಪಿತ್ತಜನಕಾಂಗಕ್ಕೂ ತನ್ನದೇ ಗಡಿಯಾರವಿದೆ, ಆದರೆ ಅದು ಬೆಳಕಿಗಿಂತ ಊಟದ ಮಾತನ್ನು ಹೆಚ್ಚು ಕೇಳುತ್ತದೆ. ರಾತ್ರಿ ತಿನ್ನುವ ಇಲಿಗಳಿಗೆ ಹಗಲು ಮಾತ್ರ ಆಹಾರ ಕೊಟ್ಟಾಗ ಪಿತ್ತಜನಕಾಂಗದ ಗಡಿಯಾರ ತಲೆಕೆಳಗಾಯಿತು, ಮಿದುಳಿನದು ಕದಲಲಿಲ್ಲ ಎಂದು 2000ದಲ್ಲಿ ಜಿನೀವಾದ ವಿಜ್ಞಾನಿಗಳು ತೋರಿಸಿದರು.

ಹೊಟ್ಟೆಯೊಳಗಿನ ಕತ್ತಲಲ್ಲಿರುವ ಮಗುವಿನ ಗಡಿಯಾರಕ್ಕೆ ಹೊತ್ತು ತಿಳಿಸುವವರು ಯಾರು? 1983ರಲ್ಲಿ ಸ್ಟೀವನ್ ರೆಪರ್ಟ್ ಮತ್ತು ವಿಲಿಯಂ ಶ್ವಾರ್ಟ್ಸ್ ಇಲಿಗಳಲ್ಲಿ ಇದಕ್ಕೆ ಉತ್ತರ ಕಂಡರು: ತಾಯಿ. ಹುಟ್ಟುವ ಮೊದಲೇ ಮರಿಯ ಮಿದುಳಿನ ಗಡಿಯಾರ ನಡೆಯುತ್ತಿರುತ್ತದೆ, ಅದು ತಾಯಿಯ ಹಗಲಿರುಳಿಗೆ ಹೊಂದಿಕೊಂಡಿರುತ್ತದೆ. ಮುಂದೆ 1989ರಲ್ಲಿ ಡೇವಿಡ್ ವೀವರ್ ಮತ್ತು ರೆಪರ್ಟ್ ಮಾಡಿದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇವತ್ತಿನ ವಿಷಯದ ತಿರುಳೇ ಅದರಲ್ಲಿದೆ.

ಗಬ್ಬದ ಇಲಿಗಳ ಮಿದುಳಿನಲ್ಲಿರುವ ಆ ಗಡಿಯಾರದ ಭಾಗವನ್ನೇ ನಾಶ ಮಾಡಿದರೆ ತಾಯಿಗೆ ಹಗಲು ರಾತ್ರಿಯ ಲೆಕ್ಕ ತಪ್ಪುತ್ತದೆ. ಅಂಥ ತಾಯಿಯ ಮರಿಗಳಿಗೂ ಲೆಕ್ಕ ಸಿಗುವುದಿಲ್ಲ. ಒಂದೇ ಸೂಲಿನ ಮರಿಗಳಾದರೂ ಅವುಗಳ ಗಡಿಯಾರಗಳು ಒಂದಕ್ಕೊಂದು ಹೊಂದುವುದಿಲ್ಲ. ಇಂಥ ತಾಯಿ ಇಲಿಗಳಿಗೆ ವೀವರ್ ಮತ್ತು ರೆಪರ್ಟ್ ದಿನವೂ ಗೊತ್ತಾದ ಒಂದೇ ಹೊತ್ತಿನಲ್ಲಿ ಆಹಾರ ಕೊಟ್ಟರು. ಮರಿಗಳ ಗಡಿಯಾರಗಳು ಒಂದೇ ಹೊತ್ತಿಗೆ ಹೊಂದಿಕೊಂಡವು. ತಾಯಿಯ ಮಿದುಳು ಹೇಳಲಾರದೆ ಹೋದದ್ದನ್ನು ತಾಯಿಯ ಊಟ ಹೇಳಿತು.

ಇಲಿಯ ಮಾತನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. ಆರೋಗ್ಯವಂತ ಬಸುರಿಯ ಗಡಿಯಾರ ಹಾಳಾಗಿರುವುದಿಲ್ಲ. ರಾತ್ರಿ ಆಕೆಯ ಮೈಯಲ್ಲಿ ಸುರಿಯುವ ಮೆಲಟೊನಿನ್ ಮಾಸನ್ನು ದಾಟಿ ಮಗುವನ್ನು ತಲುಪುತ್ತದೆ. ಮಗುವಿನ ಮಿದುಳಿನಲ್ಲಿ ಆ ನರಕೋಶಗಳ ಗುಂಪು ಸುಮಾರು 18ನೇ ವಾರಕ್ಕೆ ಕಾಣಿಸಿಕೊಂಡಿರುತ್ತದೆ. ಮಗುವಿಗೆ ತಾಯಿಯಿಂದ ಬರುವ ಸುದ್ದಿ ಒಂದೇ ಅಲ್ಲ: ಕತ್ತಲೆಯ ಸುದ್ದಿ ಮೆಲಟೊನಿನ್‌ನಿಂದ, ಒತ್ತಡ ಮತ್ತು ಎಚ್ಚರದ ಸುದ್ದಿ ಕಾರ್ಟಿಸಾಲ್‌ನಿಂದ, ಊಟದ ಸುದ್ದಿ ಗ್ಲೂಕೋಸ್‌ನಿಂದ. ಇವು ಒಂದಕ್ಕೊಂದು ತಾಳೆಯಾಗದೆ ಹೋಗುವುದು ರಾತ್ರಿ ಪಾಳಿಯಲ್ಲಿ. ವಾರದಲ್ಲಿ ಎರಡು ಅಥವಾ ಹೆಚ್ಚು ರಾತ್ರಿ ಪಾಳಿ ಮಾಡಿದ ಬಸುರಿಯರಲ್ಲಿ, ಎಂಟನೇ ವಾರದ ನಂತರ, ಮರುವಾರ ಗರ್ಭಪಾತವಾಗುವ ಸಂಭವ ಶೇ. 32ರಷ್ಟು ಹೆಚ್ಚಿತ್ತು ಎಂದು 2019ರಲ್ಲಿ ಡೆನ್ಮಾರ್ಕಿನ ಅಧ್ಯಯನವೊಂದು ಹೇಳಿತು. ಆಸ್ಪತ್ರೆ ಮತ್ತು ಕಾಲ್‌ಸೆಂಟರುಗಳಲ್ಲಿ ರಾತ್ರಿ ದುಡಿಯುವ ಹೆಣ್ಣುಮಕ್ಕಳಿರುವ ನಮ್ಮ ನಗರಗಳು ಇದನ್ನು ಕಿವಿಗೊಟ್ಟು ಕೇಳಬೇಕು.

ಪುರಾವೆ ಎಷ್ಟು ದೂರ ಬರುತ್ತದೆ

ಊಟದ ಹೊತ್ತು ತಪ್ಪಿದರೆ ಮಗು ದಡ್ಡನಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1944ರ ಕೊನೆಯಿಂದ 1945ರ ವಸಂತದವರೆಗೆ ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗದಲ್ಲಿ ಕ್ಷಾಮ ಬಿತ್ತು. ಪಡಿತರ ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಆಗ ಹೊಟ್ಟೆಯಲ್ಲಿದ್ದ ಗಂಡುಮಕ್ಕಳು 19ನೇ ವಯಸ್ಸಿಗೆ ಸೈನ್ಯದ ತಪಾಸಣೆಗೆ ಬಂದಾಗ ಅವರ ಬುದ್ಧಿಶಕ್ತಿಯಲ್ಲಿ ಏನೂ ಕೊರತೆ ಕಾಣಲಿಲ್ಲ, 1972ರಲ್ಲಿ ಪ್ರಕಟವಾದ ಫಲಿತಾಂಶ ಅದು. ಆದರೆ ಕ್ಷಾಮ ವಿಪರೀತವಾಗಿದ್ದಾಗ ಗರ್ಭದಲ್ಲಿ ಮೊಳೆತವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಸುಮಾರು ಎರಡು ಪಟ್ಟು ಹೆಚ್ಚಿದ್ದದ್ದು 1990ರ ದಶಕದಲ್ಲಿ ತಿಳಿಯಿತು. ಮಿದುಳು ಒಂದು ಪೆಟ್ಟನ್ನು ತಡೆದುಕೊಂಡು ಇನ್ನೊಂದಕ್ಕೆ ಬಾಗಬಹುದು. ಅದೂ ಕ್ಷಾಮ, ಊಟ ಎರಡು ಗಂಟೆ ತಡವಾದ ಕಥೆಯಲ್ಲ.

ಹೊತ್ತಿನ ಬದಲಾವಣೆಗೆ ಹತ್ತಿರವಾದದ್ದು ರಂಜಾನ್ ಉಪವಾಸ. ಬಸುರಿಯರು ಉಪವಾಸ ಬಿಟ್ಟು ಆಮೇಲೆ ಪೂರೈಸಲು ಧರ್ಮದಲ್ಲೇ ಅವಕಾಶವಿದೆ, ಆದರೂ ಹಲವರು ಹಿಡಿಯುತ್ತಾರೆ. ಇಂಗ್ಲೆಂಡಿನಲ್ಲಿ ಪಾಕಿಸ್ತಾನಿ ಮತ್ತು ಬಾಂಗ್ಲಾದೇಶಿ ಮೂಲದ ಏಳು ವರ್ಷದ ಮಕ್ಕಳ ಶಾಲಾ ಅಂಕಗಳನ್ನು ನೋಡಿದಾಗ, ಬಸುರಿನ ಮೊದಲ ತಿಂಗಳುಗಳಲ್ಲಿ ರಂಜಾನ್ ಬಂದಿದ್ದವರ ಅಂಕ ತುಸು ಕಡಿಮೆಯಿತ್ತು ಎಂದು 2015ರ ಅಧ್ಯಯನ ಹೇಳುತ್ತದೆ. ಯಾವ ತಾಯಿ ನಿಜವಾಗಿ ಉಪವಾಸವಿದ್ದಳು ಎಂಬ ಮಾಹಿತಿ ಅದರಲ್ಲಿರಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಹಾಕಿದ 2018ರ ಪರಾಮರ್ಶೆಯಲ್ಲಿ ಹುಟ್ಟುತೂಕದ ಮೇಲಾಗಲಿ ಅವಧಿಪೂರ್ವ ಹೆರಿಗೆಯ ಮೇಲಾಗಲಿ ಪರಿಣಾಮ ಕಾಣಲಿಲ್ಲ.

ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, ಈ ವಿಷಯದಲ್ಲಿ ಜಗತ್ತಿಗೆ ಗೊತ್ತಿರುವ ಜಾಗ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದದ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. 1997-98ರಲ್ಲಿ ಅಲ್ಲಿಯೇ ಬಸುರಿಯರನ್ನು ನೋಂದಾಯಿಸಿಕೊಂಡು ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಆ ಮಕ್ಕಳಿಗೆ 9–10 ವರ್ಷವಾದಾಗ ಕಂಡದ್ದು: ಬಸುರಿನಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ವ ಹೆಚ್ಚಿದ್ದರೆ ಮಕ್ಕಳ ಕಲಿಕೆ, ನೆನಪಿನ ಅಂಕಗಳೂ ಹೆಚ್ಚಿದ್ದವು. ಬಸುರಿನ ಮಧುಮೇಹವಿದ್ದ ತಾಯಂದಿರ ಮಕ್ಕಳು ಹಿಂದೆ ಬೀಳಬಹುದೆಂದು ಅಂದುಕೊಂಡಿದ್ದರೆ, ಕೆಲವು ಪರೀಕ್ಷೆಗಳಲ್ಲಿ ಅವರೇ ಮುಂದಿದ್ದರು! ಕಾರಣವನ್ನು ಒಂದೇ ಊಟಕ್ಕೆ, ಒಂದೇ ಸಕ್ಕರೆ ಅಂಕಿಗೆ ಕಟ್ಟಿಹಾಕಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಆಗಾಗ ತಿನ್ನುತ್ತಲೇ ಇದ್ದರೆ ಒಳ್ಳೆಯದೇ? ಅದೂ ಅಲ್ಲ. ಸಿಂಗಪುರದಲ್ಲಿ ಚೀನೀ, ಮಲಯ ಮತ್ತು ಭಾರತೀಯ ಮೂಲದ ಬಸುರಿಯರ ಮೇಲೆ ನಡೆದ ಅಧ್ಯಯನದಲ್ಲಿ, ರಾತ್ರಿ ಹೆಚ್ಚು ಹೊತ್ತು ಬಾಯಿಗೆ ಬಿಡುವು ಕೊಟ್ಟವರ ಬೆಳಗಿನ ಸಕ್ಕರೆ ಕಡಿಮೆಯಿತ್ತು, ದಿನವಿಡೀ ಹೆಚ್ಚು ಸಲ ತಿಂದವರಲ್ಲಿ ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರದ ಸಕ್ಕರೆ ಹೆಚ್ಚಿತ್ತು. ರಾತ್ರಿ ಹತ್ತು, ಹೆಚ್ಚೆಂದರೆ ಹನ್ನೆರಡು ಗಂಟೆಯ ಬಿಡುವು ಸರಿ. ಅದನ್ನು ಹದಿನೈದು ಹದಿನಾರಕ್ಕೆ ಎಳೆಯುವುದು ಬೇಡ. ತೂಕ ಇಳಿಸಲು ದಿನಕ್ಕೆ ಹದಿನಾರು ಗಂಟೆ ಉಪವಾಸವಿರುವ ಈಗಿನ ಪದ್ಧತಿಯನ್ನು ಬಸುರಿಯರು ಅನುಸರಿಸಬಾರದು.

ತಾಯಿಯ ಮಿದುಳು

ಈ ಮಾತುಗಳಲ್ಲೆಲ್ಲ ತಾಯಿ ಬರೀ ಮಗುವನ್ನು ಹೊತ್ತವಳಾಗಿ ಉಳಿದುಬಿಡುತ್ತಾಳೆ. ಆಕೆಗೂ ಒಂದು ಮಿದುಳಿದೆ, ಬಸುರಿನಲ್ಲಿ ಅದರ ರಚನೆಯೂ ಬದಲಾಗುತ್ತದೆ ಎಂದು 2017ರಲ್ಲಿ ಸ್ಪೇನಿನ ಅಧ್ಯಯನ ತೋರಿಸಿತು.

ಮೊದಲ ತಿಂಗಳುಗಳ ಓಕರಿಕೆಯನ್ನೇ ತೆಗೆದುಕೊಳ್ಳಿ. ಮನಸ್ಸು ಗಟ್ಟಿ ಮಾಡಿಕೋ, ನಾವೆಲ್ಲ ಹೆತ್ತಿಲ್ಲವೇ ಎನ್ನುವ ಹಿರಿಯರಿದ್ದಾರೆ. ಮಗು ಮತ್ತು ಮಾಸಿನಿಂದ ಬರುವ ಜಿಡಿಎಫ್15 ಎಂಬ ಹಾರ್ಮೋನು ತಾಯಿಯ ಹಿಂಮಿದುಳಿನ ಮೇಲೆ ವರ್ತಿಸಿ ಓಕರಿಕೆ ತರುತ್ತದೆ ಎಂದು 2023ರಲ್ಲಿ ಸ್ಪಷ್ಟವಾಯಿತು. ಇದು ಮನಸ್ಸಿನ ದೌರ್ಬಲ್ಯವಲ್ಲ. ಎದ್ದ ಕೂಡಲೇ ಒಂದು ಹಿಡಿ ಮಂಡಕ್ಕಿಯನ್ನೋ ಒಣ ರೊಟ್ಟಿಯ ತುಂಡನ್ನೋ ಬಾಯಿಗೆ ಹಾಕಿಕೊಳ್ಳುವುದು, ಸ್ವಲ್ಪ ಸ್ವಲ್ಪವಾಗಿ ತಿನ್ನುವುದು ಹಲವರಿಗೆ ಸಹಾಯ ಮಾಡುತ್ತದೆ. ಕೆಲವರಿಗೆ ಇದು ವಿಪರೀತಕ್ಕೆ ಹೋಗಿ ವಾರಗಟ್ಟಲೆ ಏನೂ ನಿಲ್ಲುವುದಿಲ್ಲ. ಮೈಯಲ್ಲಿರುವ ಥಯಮಿನ್, ಅಂದರೆ ಬಿ1 ಜೀವಸತ್ವದ ದಾಸ್ತಾನು ಎರಡು ಮೂರು ವಾರಕ್ಕೆ ಖಾಲಿಯಾಗುತ್ತದೆ. ಆಮೇಲೆ ಕಣ್ಣುಗುಡ್ಡೆಯ ಚಲನೆ ಕೆಡುವುದು, ನಡೆಯುವಾಗ ತೂರಾಡುವುದು, ಗೊಂದಲದ ಮಾತು ಕಾಣಿಸಿದರೆ ಅದು ವರ್ನಿಕೆ ಎಂಬ ಮಿದುಳಿನ ಕಾಯಿಲೆ ಇರಬಹುದು. ಇಂಥವರಿಗೆ ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಕಾಯಿಲೆ ಉಲ್ಬಣಿಸಬಹುದು. ಸಭೆಯಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳು ಇದೊಂದನ್ನು ಗಟ್ಟಿಯಾಗಿ ನೆನಪಿಡಿ.

ಇನ್ನೊಂದು, ಕಬ್ಬಿಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದ ಬಸುರಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ. ಕಬ್ಬಿಣ ಕಡಿಮೆಯಾದರೆ ತಾಯಿಗೆ ಸುಸ್ತು, ಮಂಕು. ಮಗುವಿನಲ್ಲಿ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಮತ್ತು ನರಗಳ ಮೇಲಿನ ಮಯಲಿನ್ ಹೊದಿಕೆಯ ಬೆಳವಣಿಗೆಗೆ ಅದು ಬೇಕೇಬೇಕು. ಇಲ್ಲಿ ಹೊತ್ತಿನ ಪಾತ್ರ ತೀರಾ ಸ್ಪಷ್ಟ. 1983ರ ಒಂದು ಪ್ರಯೋಗದಲ್ಲಿ ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಕಬ್ಬಿಣಕ್ಕೆ ಅಡ್ಡಿಯಾಗಲಿಲ್ಲ. ಊಟದ ಜೊತೆಗೆ ಅಥವಾ ಊಟವಾಗಿ ಒಂದು ಗಂಟೆಗೆ ಕುಡಿದಾಗ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಯಿತು. ಉಂಡು ಎದ್ದ ಕೂಡಲೇ ಕಾಫಿ, ಚಹಾ ಕುಡಿಯುವ ಮನೆಗಳಲ್ಲಿ ಲೋಟದ ಸರದಿಯನ್ನು ಊಟಕ್ಕೆ ಒಂದು ಗಂಟೆ ಮೊದಲಿಗೆ ತಂದರೆ ಸಾಕು, ಖರ್ಚೇನೂ ಇಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಬಾರದು. ಕ್ಯಾಲ್ಸಿಯಂ ಊಟದ ಜೊತೆಗೆ, ಕಬ್ಬಿಣ ಬೇರೆ ಹೊತ್ತಿಗೆ.

ಉಣ್ಣಲು ಮನಸ್ಸೇ ಇಲ್ಲ ಎಂದು ಬಸುರಿ ದಿನಗಟ್ಟಲೆ ಹೇಳುತ್ತಿದ್ದರೆ ಅದು ಖಿನ್ನತೆಯ ಲಕ್ಷಣವೂ ಆಗಿರಬಹುದು. ಆಗ ಬೇಕಾದದ್ದು ಗದರಿಕೆಯಲ್ಲ, ವೈದ್ಯರ ಭೇಟಿ.

ನಮ್ಮ ಮನೆಗಳ ವೇಳಾಪಟ್ಟಿ

ಕನಕಪುರದ ಕಡೆಯಿಂದ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಬರುವ ಒಬ್ಬ ಬಸುರಿಯ ದಿನವನ್ನು ಊಹಿಸಿಕೊಳ್ಳಿ. ಐದಕ್ಕೆ ಏಳುತ್ತಾಳೆ. ಮನೆಯವರಿಗೆ ತಿಂಡಿ, ಡಬ್ಬಿ ಆಗಬೇಕು. ಏಳು ಗಂಟೆಗೆ ವ್ಯಾನು, ಒಂದು ಲೋಟ ಚಹಾ ಕುಡಿದು ಓಡುತ್ತಾಳೆ. ಮಧ್ಯಾಹ್ನ ಒಂದಕ್ಕೆ ಡಬ್ಬಿ ಬಿಚ್ಚುತ್ತಾಳೆ. ರಾತ್ರಿ ಎಲ್ಲರಿಗೂ ಬಡಿಸಿ ತಾನು ಕೂರುವಾಗ ಹತ್ತು. ಹತ್ತರಿಂದ ಮರುದಿನ ಒಂದರವರೆಗೆ 15 ಗಂಟೆ. ಮೆಟ್ಜ್ಗರ್ ಅಳೆದು ನೋಡಿದ ಅದೇ ಗಂಟೆಗಳನ್ನು ಈಕೆ ಪ್ರಯೋಗಾಲಯವಿಲ್ಲದೆ ದಿನವೂ ಕಳೆಯುತ್ತಾಳೆ. ಬೆಳಿಗ್ಗೆ ತಿಂಡಿ ತಿನ್ನಿ ಎಂಬ ಸಲಹೆ ಇವಳಿಗೆ ಗೊತ್ತಿಲ್ಲ ಎಂದುಕೊಳ್ಳುವುದು ನಮ್ಮ ದಡ್ಡತನ.

ವ್ರತಗಳು ಇನ್ನೊಂದು ಕಡೆ. ಸಂಕಷ್ಟಿಯಂದು ಚಂದ್ರ ಕಾಣುವವರೆಗೆ ಊಟವಿಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಮಂಗಳೂರು, ಕೊಡಗಿನ ಕಡೆ ಬೆಳಿಗ್ಗೆ ಎಂಟರಿಂದ ಸುಮಾರು ಹನ್ನೊಂದರವರೆಗೆ ಇತ್ತು. ಶಾಸ್ತ್ರದ ಲೆಕ್ಕದಲ್ಲಿ ಸೂರ್ಯಗ್ರಹಣಕ್ಕೆ ನಾಲ್ಕು ಯಾಮ, ಅಂದರೆ 12 ಗಂಟೆ ಮೊದಲೇ ಊಟ ನಿಲ್ಲಿಸಬೇಕು. ಹಿಂದಿನ ರಾತ್ರಿ ಎಂಟಕ್ಕೆ ಉಂಡವಳು ಗ್ರಹಣ ಬಿಟ್ಟು, ಸ್ನಾನ ಮಾಡಿ, ಅಡುಗೆ ಮಾಡಿ ಉಣ್ಣುವಾಗ ನಡುಹಗಲು. ಅಲ್ಲಿಗೆ 16 ಗಂಟೆ. ಬಾಲರು, ವೃದ್ಧರು, ಆತುರರಿಗೆ ಶಾಸ್ತ್ರವೇ ಸಡಿಲಿಕೆ ಕೊಡುತ್ತದೆ. ನಮ್ಮ ಮನೆಗಳಲ್ಲಿ ಮಾತ್ರ ಗ್ರಹಣ ಬಂದರೆ ಮೊದಲು ಕಟ್ಟುನಿಟ್ಟು ಮಾಡುವುದು ಬಸುರಿಗೇ.

ಹೊಟ್ಟೆ ತುಂಬ ಉಂಡರೆ ಮಗುವಿಗೆ ಜಾಗ ಸಾಲದು, ಮಗು ದಪ್ಪವಾದರೆ ಹೆರಿಗೆ ಕಷ್ಟ ಎಂಬ ನಂಬಿಕೆಯನ್ನು ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಕೇಳಿ ದಾಖಲಿಸಿದ ಮಾನವಶಾಸ್ತ್ರಜ್ಞರು ಮಾರ್ಕ್ ಮತ್ತು ಮಿಮಿ ನಿಕ್ಟರ್. ಅವರ ಲೇಖನ ಬಂದದ್ದು 1983ರಲ್ಲಿ, ಆ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಮಗು ಬೆಳೆಯುವುದು ಗರ್ಭಕೋಶದಲ್ಲಿ, ಅನ್ನ ಹೋಗುವುದು ಜಠರಕ್ಕೆ. ಕೊನೆಯ ತಿಂಗಳಲ್ಲಿ ಒಂದೇ ಸಲ ಹೆಚ್ಚು ಉಣ್ಣಲಾಗದು ಎಂಬುದು ನಿಜ. ಅದಕ್ಕೆ ಮದ್ದು ಕಡಿಮೆ ಉಣ್ಣುವುದಲ್ಲ, ಭಾಗ ಮಾಡಿ ಉಣ್ಣುವುದು.

ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆ ಈ ಗಂಟನ್ನು ಸರಿಯಾದ ಕಡೆ ಬಿಚ್ಚಲು ನೋಡಿತು. ರೇಷನ್ ಮನೆಗೆ ಕೊಟ್ಟರೆ ಅದು ಎಲ್ಲರ ಪಾಲಾಗುತ್ತದೆ. ಆದ್ದರಿಂದ ಮಧ್ಯಾಹ್ನ ಅಂಗನವಾಡಿಯಲ್ಲೇ ಕೂರಿಸಿ ಬಿಸಿ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿ ಕೊಡುವುದು, ಕಬ್ಬಿಣದ ಮಾತ್ರೆಯನ್ನೂ ಅಲ್ಲೇ ನುಂಗಿಸುವುದು. ಮನೆಯ ಸರದಿಯಲ್ಲಿ ಕೊನೆಯವಳಾದವಳಿಗೆ ಒಂದು ಹೊತ್ತಿನ ಮಟ್ಟಿಗೆ ಮೊದಲ ಪಂಕ್ತಿ ಸಿಕ್ಕಿತು. ಮಲೆನಾಡಿನಲ್ಲಿ ಒಂಬತ್ತು ತಿಂಗಳ ಬಸುರಿ ಏರು ಇಳಿದು ಅಂಗನವಾಡಿಗೆ ಬರುವುದು ಕಷ್ಟ, ಕೂಲಿಗೆ ಹೋದವಳು ಬರಲಾರಳು ಎಂಬ ತೊಡಕುಗಳೂ ಎದುರಾದವು. ಯೋಜನೆಯನ್ನು ತಿದ್ದಬೇಕು, ಅದರ ಹಿಂದಿನ ತಿಳಿವಳಿಕೆಯನ್ನು ಬಿಡಬಾರದು.

ಚೆನ್ನೈನ ವೈದ್ಯ ವಿ. ಶೇಷಯ್ಯ ಅವರ ಪ್ರಯತ್ನದಿಂದ ನಮ್ಮಲ್ಲಿ ಬಂದ ಬಸುರಿನ ಮಧುಮೇಹದ ಪರೀಕ್ಷೆಯೂ ಇದೇ ಜಾತಿಯದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ, 140 ಮುಟ್ಟಿದರೆ ಮಧುಮೇಹ. ಕೊನೆಯ ಊಟ ಯಾವಾಗ ಆಗಿತ್ತು ಎಂಬುದು ಮುಖ್ಯವಲ್ಲ. ಹಳ್ಳಿಯಿಂದ ಮೂರು ಬಸ್ಸು ಬದಲಿಸಿ ಬರುವವಳನ್ನು ಬರಿಹೊಟ್ಟೆಯಲ್ಲಿ ಕಾಯಿಸದೆಯೂ ವೈದ್ಯವಿಜ್ಞಾನ ನಡೆಯಬಲ್ಲದು ಎಂದು ಅದು ತೋರಿಸಿತು.

ಮಾಡಬಹುದಾದದ್ದು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪ್ರಕಾರ ಬಸುರಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು 350 ಕ್ಯಾಲೊರಿ. ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ, ಒಂದು ಬಾಳೆಹಣ್ಣು ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಹಾಲನ್ನು ಮಲಗುವ ಮುನ್ನ, ಬಾಳೆಹಣ್ಣು ಕಡಲೆಕಾಯಿಯನ್ನು ಬೆಳಿಗ್ಗೆ ಎದ್ದ ಒಂದು ಗಂಟೆಯೊಳಗೆ ತಿಂದರೆ ಆ ಹದಿನೈದು ಗಂಟೆಯ ಅಂತರ ಮುರಿಯುತ್ತದೆ. ಮಧುಮೇಹವಿರುವವರು ಯಾವುದು, ಎಷ್ಟು ಎಂಬುದನ್ನು ತಮ್ಮ ವೈದ್ಯರನ್ನು ಕೇಳಿಯೇ ಗೊತ್ತುಮಾಡಿಕೊಳ್ಳಬೇಕು.

ಮನೆಯ ಹಿರಿಯರಲ್ಲಿ ನನ್ನ ಕೋರಿಕೆ: ಸೀಮಂತದ ದಿನ ಸೊಸೆಯನ್ನು ಮಣೆಯ ಮೇಲೆ ಕೂರಿಸಿ ಮೊದಲು ಬಡಿಸುತ್ತೀರಿ, ಉಳಿದ ದಿನಗಳಲ್ಲೂ ಹಾಗೆಯೇ ಮಾಡಿ. ಕಾರ್ಖಾನೆಗಳ ಆಡಳಿತದವರು ಬಸುರಿಯರಿಗೆ ಬೆಳಿಗ್ಗೆ ಹತ್ತಕ್ಕೆ ಹದಿನೈದು ನಿಮಿಷದ ತಿಂಡಿ ಬಿಡುವು ಕೊಟ್ಟರೆ ಉತ್ಪಾದನೆ ನಿಂತುಹೋಗುವುದಿಲ್ಲ. ಪುರೋಹಿತರು, ಮೌಲ್ವಿಗಳು ತಮ್ಮ ಶಾಸ್ತ್ರಗಳಲ್ಲೇ ಇರುವ ಸಡಿಲಿಕೆಯನ್ನು ಬಾಯಿಬಿಟ್ಟು ಹೇಳಬೇಕು. ಅವರ ಒಂದು ಮಾತು ನಮ್ಮ ಹತ್ತು ಕರಪತ್ರಕ್ಕೆ ಸಮ.

ತಪಾಸಣೆ ಮಾಡುವವರಿಗೆ ಇನ್ನೊಂದು ಮಾತು. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೊಗ್ಲೋಬಿನ್ ಬರೆಯುವಾಗ ಎರಡು ಪ್ರಶ್ನೆ ಸೇರಿಸಿಕೊಳ್ಳಿ: ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಊಟ ಮಾಡಿದ್ರಮ್ಮಾ? ಇವತ್ತು ಬೆಳಿಗ್ಗೆ ಎಷ್ಟು ಹೊತ್ತಿಗೆ ತಿಂಡಿ ತಿಂದ್ರಿ? ಲೆಕ್ಕ ಹದಿಮೂರು ಗಂಟೆ ದಾಟಿದರೆ ಬುದ್ಧಿಮಾತನ್ನು ಬಸುರಿಗೆ ಹೇಳಬೇಡಿ, ಜೊತೆಯಲ್ಲಿ ಬಂದ ಅತ್ತೆಗೆ, ಗಂಡನಿಗೆ ಹೇಳಿ. ಆ ಅಂತರವನ್ನು ಕಡಿಮೆ ಮಾಡುವ ಶಕ್ತಿ ಇರುವುದು ಅವರಿಗೆ.